ಟೋಕನ್ ಮೈಕಿನ ಚೆನ್ನಯ

ಚೆನ್ನಯನಿಗೆ ಆಸ್ತಿಯೆಂದು ಇದ್ದದ್ದು ಗಂಟಲು ಒಂದೇ. ಹದಿನಾಲ್ಕನೆಯ ವಯಸ್ಸಿಗೆ ಹೆಬ್ರಿ ಕಡೆಯಿಂದ ಬಂದು ಮುಂಬಯಿ ಹತ್ತಿರದ ಕಲ್ಯಾಣದ ಹೋಟೆಲೊಂದರಲ್ಲಿ ಲೋಟ ಬಸಿ ತೊಳೆಯಲು ನಿಂತ. ಅಲ್ಲಿನ ಕನ್ನಡ ರಾತ್ರಿಶಾಲೆಯ ನಾಟಕಗಳಲ್ಲಿ ಅವನಿಗೆ ಸಿಗುತ್ತಿದ್ದದ್ದು ಯಾವಾಗಲೂ ದೂತನ ಪಾತ್ರ. ರಾಜನಾಗುವಷ್ಟು ಮೈಕಟ್ಟು ಇರಲಿಲ್ಲ, ಆದರೆ ಅವನ ಕೂಗು ಕೊನೆಯ ಬೆಂಚಿಗೂ ಕೇಳುತ್ತಿತ್ತು. ಆಮೇಲೆ ಡೊಂಬಿವಲಿಯಲ್ಲಿ ಹನ್ನೊಂದು ವರ್ಷ ವೇಟರ್. ಒಂದು ದಿನ ಆ ಹೋಟೆಲಿಗೆ ಚಹಾ ಕುಡಿಯಲು ಬಂದಿದ್ದ ಜಯಶೀಲ ಶೆಟ್ಟರು ಅವನ ಗಂಟಲು ಕೇಳಿ, ಠಾಣೆಯ ಮಾಜಿವಾಡಾದಲ್ಲಿದ್ದ ತಮ್ಮ ಹೋಟೆಲಿಗೆ ಕರೆದುಕೊಂಡು ಹೋಗಿ ಕೌಂಟರಿನಲ್ಲಿ ಕೂರಿಸಿದರು. ಕೆಳಗೆ ಹೆದ್ದಾರಿ, ಮೇಲೆ ಫ್ಲೈಓವರ್, ನಡುವೆ ವರ್ಷಾನುಗಟ್ಟಲೆ ಮುಗಿಯದ ಮೆಟ್ರೋ ಕೆಲಸ. ಆ ಗದ್ದಲದಲ್ಲಿ ಗಿರಾಕಿಗೆ ತನ್ನ ಟೋಕನ್ ನಂಬರು ಕೇಳಬೇಕಾದರೆ ಚೆನ್ನಯನೇ ಬೇಕು. ಕೈಗೊಂದು ಮೈಕು, ಗೋಡೆಗೆರಡು ಸ್ಪೀಕರು, ಅರುವತ್ತು ಕುರ್ಚಿ. ಇಪ್ಪತ್ತೆರಡು ವರ್ಷ ಅವನು ಅಲ್ಲಿ ಕೂತು ಕೂಗಿದ. ವರ್ತಕ ನಗರದ ಒಂದು ರೂಮ್ ಕಿಚನ್ನಿನ ಮನೆ, ಹೆಂಡತಿ ಸುಂದರಿಯ ಮಂಗಳಸೂತ್ರ, ಮಗಳು ರಮಿತಾಳ ಬಿಕಾಂ, ಎಲ್ಲವೂ ಆ ಗಂಟಲಿನಿಂದಲೇ ಆದದ್ದು.

ಜಯಶೀಲ ಧನಿಗಳದು ಒಂದು ಕಟ್ಟಳೆ ಇತ್ತು. ಪಾರ್ಸೆಲ್ ಆರ್ಡರಿನ ಫೋನು ಬಂದರೆ ಗಿರಾಕಿ ಇಡುವವರೆಗೆ ನಾವು ಇಡಬಾರದು. ಗಿರಾಕಿ ತಲೆಹರಟೆ ಮಾಡಲಿ, ಬೈಯಲಿ, ಹೆಂಡತಿಯ ಹತ್ತಿರ ಜಗಳ ಮಾಡಿ ಬಂದು ನಮ್ಮ ಮೇಲೆ ಹಾಯಲಿ, ಫೋನು ಅವನೇ ಇಡಬೇಕು. ಈ ಕಟ್ಟಳೆಯನ್ನು ಚೆನ್ನಯ ವ್ರತದಂತೆ ಪಾಲಿಸಿದ್ದ. ಅದೇ ಅವನಿಗೆ ಮುಳುವಾಯಿತು.

ಕಳೆದ ವರ್ಷ ಜೂನ್ ತಿಂಗಳ ಒಂದು ಬೆಳಿಗ್ಗೆ ಒಬ್ಬ ಫೋನ್ ಮಾಡಿ ಮುನ್ನೂರು ಪ್ಲೇಟ್ ಇಡ್ಲಿ ಬೇಕೆಂದ. ಚೆನ್ನಯ ಪೆನ್ನು ತೆಗೆದುಕೊಂಡ. ಇಡ್ಲಿ ಚೌಕವಾಗಿರಬೇಕು ಎಂದ. ಚೆನ್ನಯ ಹಿಂದಿಯಲ್ಲಿ "ಹೋ ಜಾಯೇಗಾ ಸಾಬ್," ಆಗುತ್ತದೆ ಸಾರ್, ಎಂದ. ಪ್ರತಿ ಪ್ಲೇಟಿನ ಜೊತೆ ಒಂದು ಲುಂಗಿ ಫ್ರೀ ಕೊಡಬೇಕು ಎಂದ. ಗಿರಾಕಿ ತಮಾಷೆಯ ಮನುಷ್ಯ ಎಂದುಕೊಂಡು ಚೆನ್ನಯ ಅದಕ್ಕೂ ಅದನ್ನೇ ಹೇಳಿದ. ಆಮೇಲೆ ಆ ಗಿರಾಕಿಯ ನಾಲಿಗೆ ಕೊಳಕಾಗುತ್ತಾ ಹೋಯಿತು. ಇಡ್ಲಿ ಇಷ್ಟು ಬೆಳ್ಳಗಿರುವಾಗ ಮದ್ರಾಸಿಗಳು ಯಾಕೆ ಅಷ್ಟು ಕಪ್ಪು, ಸಾಂಬಾರಿನಲ್ಲೇ ಸ್ನಾನವೋ ಎಂದು ಕೇಳಿದ. ಮನೆಯಲ್ಲಿ ಎಷ್ಟು ಜನಕ್ಕೆ ಒಂದು ಲುಂಗಿ, ಅಪ್ಪ ಬಿಚ್ಚಿಟ್ಟ ಮೇಲೆ ಅಮ್ಮ ಉಡುತ್ತಾಳೋ ಎಂದೂ ಕೇಳಿದ. ಚೆನ್ನಯನ ತಾಯಿ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತಷ್ಟೇ. ಆದರೆ ಮುನ್ನೂರು ಪ್ಲೇಟಿನ ಆರ್ಡರು, ಮೇಲೆ ಧನಿಗಳ ಕಟ್ಟಳೆ. ಹನ್ನೊಂದು ನಿಮಿಷ ಫೋನು ಹಿಡಿದೇ ನಿಂತು ಪ್ರತಿಯೊಂದಕ್ಕೂ ಹೋ ಜಾಯೇಗಾ ಸಾಬ್ ಎನ್ನುತ್ತಲೇ ಹೋದ.

ಕೊನೆಗೆ ಆ ಕಡೆಯವನು ಗಹಗಹಿಸಿ ನಕ್ಕು, ತಾನು ಎಫ್‌ಎಂ ರೇಡಿಯೋದ ಸಮಿತ್ ಎಂದೂ ಇದು ತನ್ನ ಬೆಳಗಿನ ಕಾರ್ಯಕ್ರಮಕ್ಕೆ ಮಾಡಿದ ಕೀಟಲೆ ಎಂದೂ ಹೇಳಿದ. ಚೆನ್ನಯನೂ ನಕ್ಕ. ನಗದೆ ಇನ್ನೇನು ಮಾಡುತ್ತಾನೆ? ಗಿರಾಕಿ ನಕ್ಕಾಗ ನಗುವುದು ಹೋಟೆಲಿನವನಿಗೆ ಉಸಿರಾಟದಷ್ಟೇ ಅಭ್ಯಾಸ. ಆ ನಗುವನ್ನೂ ಅವರು ಪ್ರಸಾರ ಮಾಡಿದರು. ಅಣ್ಣನೇ ನಗುತ್ತಿದ್ದಾನೆ, ಇನ್ನು ನಿಮಗೇನು ಕಷ್ಟ ಎಂದು ಊರಿಗೆ ತೋರಿಸಲು ಅದೇ ಸಾಕ್ಷಿಯಾಯಿತು.

ಎರಡೇ ವಾರದಲ್ಲಿ ಠಾಣೆಯಿಂದ ನವಿ ಮುಂಬಯಿಯವರೆಗೆ ಆ ಮಾತು ಹಬ್ಬಿತು. ಹಾಡು ಮುಗಿದರೆ ಚೆನ್ನಯನ ಗಂಟಲು, ಜಾಹೀರಾತು ಮುಗಿದರೆ ಚೆನ್ನಯನ ಗಂಟಲು. ರಿಕ್ಷಾದವರು ಹೋಟೆಲಿನ ಮುಂದೆ ನಿಧಾನ ಮಾಡಿ "ಅಣ್ಣಾ, ಹೋ ಜಾಯೇಗಾ?" ಎಂದು ಕೂಗಿ ಹೋಗುತ್ತಿದ್ದರು. ರಮಿತಾಳ ಆಫೀಸಿನಲ್ಲಿ ಒಬ್ಬ ಅದನ್ನು ರಿಂಗ್‌ಟೋನ್ ಮಾಡಿಕೊಂಡ. ಅದು ಅವಳ ತಂದೆಯ ಸ್ವರವೆಂದು ಅವನಿಗೆ ಗೊತ್ತಿರಲಿಲ್ಲ, ಅವಳು ಹೇಳಲೂ ಇಲ್ಲ. ನಮ್ಮವರಾದರೂ ಏನು ಕಡಿಮೆ? ಊರಿನವರ ವಾಟ್ಸಾಪ್ ಗುಂಪಿನಲ್ಲಿ ಚೆನ್ನಣ್ಣ ಫೇಮಸ್ ಆದರು ಎಂದು ಹೂಗುಚ್ಛದ ಚಿತ್ರ ಹಾಕಿದರು. ಅದರ ಮಾತುಗಳನ್ನು ಕಿವಿಗೊಟ್ಟು ಕೇಳಿದವಳು ಸುಂದರಿ ಒಬ್ಬಳೇ. ಅತ್ತೆಯ ಲುಂಗಿಯ ಮಾತು ಬಂದಾಗ ರೇಡಿಯೋ ಆರಿಸಿ, ಎದ್ದು ಹೋಗಿ ಅಕ್ಕಿ ತೊಳೆದಳು. ಮತ್ತೆ ಆ ಮನೆಯಲ್ಲಿ ರೇಡಿಯೋ ಹಚ್ಚಲಿಲ್ಲ.

ಚೆನ್ನಯ ಇದನ್ನೂ ನುಂಗಿಕೊಳ್ಳುತ್ತಿದ್ದನೋ ಏನೋ. ಬಡವನ ಕೋಪ ದವಡೆಗೆ ಮೂಲ ಎನ್ನುವುದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಆಗಸ್ಟಿನಲ್ಲಿ ಅದೇ ಸಮಿತ್ ಒಂದು ದೊಡ್ಡ ಜನಾಂಗದವರ ಮದುವೆ ಮೆರವಣಿಗೆಯ ಬಗ್ಗೆ ಏನೋ ಒಂದು ಕುಚೋದ್ಯ ಮಾಡಿದ. ಸಂಜೆಯೊಳಗೆ ರೇಡಿಯೋ ಆಫೀಸಿನ ಗೇಟಿನ ಮುಂದೆ ಐವತ್ತು ಮೋಟರ್‌ಸೈಕಲ್ ನಿಂತವು. ಮರುದಿನ ಬೆಳಗಿನಿಂದ ಅರ್ಧ ಗಂಟೆಗೊಮ್ಮೆ, ಮೂರು ಭಾಷೆಗಳಲ್ಲಿ, ಎರಡು ದಿನ ಕ್ಷಮಾಪಣೆ. ಸಮಿತ್ ಗದ್ಗದಿತನಾಗಿ, ಮಾತಿನಿಂದಾದ ಗಾಯ ಮಾಯುವುದಿಲ್ಲವೆಂದು ನನ್ನ ತಾಯಿ ಕಲಿಸಿದ್ದಾಳೆ ಎಂದ. ಹೋಟೆಲಿನ ಎದುರಿನ ಪಾನ್ ಅಂಗಡಿಯಲ್ಲಿ ಅದನ್ನು ಕೇಳುತ್ತಾ ನಿಂತ ಚೆನ್ನಯನಿಗೆ ಅವನ ಮೇಲೆ ಕನಿಕರವೇ ಬಂತು. ಅಷ್ಟರಲ್ಲಿ ಗದ್ಗದ ಮುಗಿದು ಹಾಸಿಗೆಯ ಜಾಹೀರಾತು ಬಂತು, ಜಾಹೀರಾತಿನ ಬಾಲಕ್ಕೆ "ಹೋ ಜಾಯೇಗಾ ಸಾಬ್" ಬಂತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಇವರ ಹತ್ತಿರ ಕ್ಷಮೆ ಎನ್ನುವ ವಸ್ತು ಇಲ್ಲವೆಂದಲ್ಲ, ಇದೆ. ತನಗೆ ಮಾತ್ರ ಇಲ್ಲ. ಇದು ಗೊತ್ತಾದ ಮೇಲೆ ಅವನಿಗೆ ತಡೆಯಲಾಗಲಿಲ್ಲ.

ರಮಿತಾ ರೇಡಿಯೋ ಆಫೀಸಿಗೆ ಫೋನ್ ಮಾಡಿದಳು. ಎತ್ತಿದವಳು ತೃಪ್ತಿ ಎಂಬ ಹುಡುಗಿ, ತುಂಬಾ ಮರ್ಯಾದೆಯಿಂದ ಮಾತಾಡಿದಳು. ಅಣ್ಣ ಅಂದರೆ ನಮ್ಮ ಕೇಳುಗರಿಗೆ ಪ್ರೀತಿ, ಅದನ್ನೆಲ್ಲ ಪ್ರೀತಿಯಿಂದ ಮಾಡಿದ್ದು ಎಂದಳು. ಆ ಮದುವೆಯವರಿಗೆ ಕ್ಷಮೆ ಕೇಳಿದಿರಲ್ಲ ಎಂದು ರಮಿತಾ ಬಿಡದೆ ಕೇಳಿದ್ದಕ್ಕೆ ತೃಪ್ತಿ, "ನೀವು ಎಷ್ಟು ಜನ ಇದ್ದೀರಿ?" ಎಂದು ವಿಚಾರಿಸಿದಳಂತೆ.

"ಪಪ್ಪಾ, ಅಕೇಲೆ ಕಾ ಲೆಟರ್ ಕಚರೇ ಮೆ ಜಾತಾ ಹೈ. ಒಬ್ಬರೇ ಬರೆದರೆ ಕೇಳುವುದಿಲ್ಲ. ಸಹಿ ಬೇಕು, ತುಂಬಾ ಸಹಿ," ಎಂದಳು ರಮಿತಾ.

ಪತ್ರವನ್ನು ಅವಳೇ ಬರೆದಳು, ಒಂದು ಮಗ್ಗುಲು ಮರಾಠಿ, ಇನ್ನೊಂದು ಮಗ್ಗುಲು ಇಂಗ್ಲಿಷು. ಎದುರುತ್ತರ ಕೊಡಲು ಆಗದ ಸ್ಥಿತಿಯಲ್ಲಿ ಇರುವವನನ್ನು ಸಾವಿರಾರು ಜನರ ಮುಂದೆ ಅವನ ಬಣ್ಣವನ್ನೂ ತಾಯಿಯನ್ನೂ ಎತ್ತಿ ಹೀಯಾಳಿಸುವುದು ತಮಾಷೆಯಲ್ಲ ಎಂದು ಅದರಲ್ಲಿತ್ತು. ಕೊನೆಯ ಸಾಲು ಮಾತ್ರ ಚೆನ್ನಯನದು: ಬೈದದ್ದು ಯಾವ ಕಾರ್ಯಕ್ರಮದಲ್ಲೋ ಕ್ಷಮೆಯೂ ಅದೇ ಕಾರ್ಯಕ್ರಮದಲ್ಲಿ, ಅದೇ ಹೊತ್ತಿಗೆ, ಅದೇ ಮೈಕಿನಲ್ಲಿ ಬರಬೇಕು. ಧನಿಗಳು ಮೂಗು ಮುರಿದರೂ ಬೇಡವೆನ್ನಲಿಲ್ಲ. ಪತ್ರ ಕೌಂಟರಿನ ಮೇಲೆ ಕೂತಿತು. ದಿನಾ ಬರುವ ಗಿರಾಕಿಗಳು ಓದಿ, ಛೇ ಎಂದು, ಸಹಿ ಹಾಕಿದರು. ಹತ್ತು ದಿನದಲ್ಲಿ ನೂರು ದಾಟಿತು. ಚೆನ್ನಯನ ಬೆನ್ನು ಸ್ವಲ್ಪ ನೆಟ್ಟಗಾಯಿತು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಹೇಳದಿದ್ದರೆ ಇದು ಚೆನ್ನಯನ ಕತೆಯಾಗುವುದಿಲ್ಲ, ಅವನ ಪರವಾದ ವಕಾಲತ್ತಾಗುತ್ತದೆ. ಟೋಕನ್ ನಂಬರನ್ನು ಅವನು ಹಿಂದಿಯಲ್ಲಿ ಕೂಗುತ್ತಿದ್ದನಷ್ಟೆ. ಆದರೆ ತಟ್ಟೆ ಹಿಡಿದು ಹೊರಟ ವೇಟರಿಗೆ ಗಿರಾಕಿ ಯಾವ ಟೇಬಲಿನಲ್ಲಿದ್ದಾನೆ ಎಂದು ಗುರುತು ಹೇಳಬೇಕಲ್ಲ? ಅದನ್ನು ಅದೇ ಮೈಕಿನಲ್ಲಿ ತುಳುವಿನಲ್ಲಿ ಹೇಳುತ್ತಿದ್ದ. ನಂಬರು ಮರೆತುಹೋಗುತ್ತದೆ, ಮೋರೆ ಮರೆಯುವುದಿಲ್ಲ ಎನ್ನುವುದು ಹೋಟೆಲಿನವರ ಲೆಕ್ಕ. ಹಾಗಾಗಿ ಬೋಳುತಲೆಯ ಬಿಲ್ಡರನಿಗೊಂದು ಹೆಸರು, ಹಲ್ಲುಬ್ಬಿನ ಬ್ಯಾಂಕಿನವನಿಗೊಂದು ಹೆಸರು, ದಪ್ಪ ಸೊಂಟದ ವಕೀಲೆಗೊಂದು ಹೆಸರು. ಅಡುಗೆಮನೆಯಿಂದ ಕಿಸಕಿಸ ನಗು. ಇಡೀ ಹೋಟೆಲಿಗೆ ಕೇಳುವ ಹಾಗೆ, ಯಾರಿಗೂ ತಿಳಿಯದ ಹಾಗೆ. ಉಡುಪಿ ಕಡೆಯ ಹೋಟೆಲಿನವರಿಗೆ ತುಳು ಎಂದರೆ ಬಾಗಿಲು ಹಾಕಿಕೊಂಡ ಕೋಣೆ; ಒಳಗೆ ಏನು ಮಾತಾಡಿದರೂ ಹೊರಗೆ ಹೋಗುವುದಿಲ್ಲವೆಂದು ನಂಬಿಕೆ.

ಅಪರ್ಣಾ ಎಂಬ ಮರಾಠಿ ಟೀಚರು ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ವರ್ತಕ ನಗರದ ತಮ್ಮ ಶಾಲೆಗೆ ಹೋಗುವ ಮುಂಚೆ ಬರುತ್ತಿದ್ದರು. ನಲವತ್ತರ ಆಸುಪಾಸಿನವರು. ಮುಖದ ಎಡಭಾಗ ಕೆನ್ನೆಯಿಂದ ಕುತ್ತಿಗೆಯವರೆಗೆ ಸುಟ್ಟು ಮುದುಡಿತ್ತು. ಅದನ್ನು ಅವರು ಎಂದೂ ಮುಚ್ಚಿಕೊಂಡು ಬಂದದ್ದಿಲ್ಲ. ಎರಡು ಇಡ್ಲಿ, ಒಂದು ಕಾಫಿ, ಒಂಬತ್ತು ವರ್ಷದಿಂದ.

ಆ ಸೋಮವಾರ ಅವರು ಪತ್ರವನ್ನು ನಿಂತು ಪೂರ್ತಿ ಓದಿದರು. ಪೆನ್ನು ತೆಗೆದು ಸಹಿ ಹಾಕಿದರು. ಚೆನ್ನಯ ಎಂದಿನಂತೆ ಧನ್ಯವಾದ ಟೀಚರ್ ಎಂದ. ಅವರು ಪೆನ್ನಿನ ಮುಚ್ಚಳ ಹಾಕುತ್ತಾ, ಸ್ವರ ಏರಿಸದೆ, "ಎಂಕ್ ತುಳು ಬರ್ಪುಂಡು ಅಣ್ಣೆರೇ," ಎಂದರು.

ನನಗೆ ತುಳು ಬರುತ್ತದೆ ಅಣ್ಣ. ಚೆನ್ನಯನ ಕೈಯಲ್ಲಿದ್ದ ಚಿಲ್ಲರೆ ಅಲ್ಲೇ ನಿಂತಿತು. ಅವರು ಹುಟ್ಟಿ ಬೆಳೆದದ್ದು ಅಂಬರನಾಥದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಂತೆ. ತಾಯಿ ತಂದೆ ಇಬ್ಬರೂ ಪಾಳಿಗೆ ಹೋದರೆ ಪಕ್ಕದ ಮನೆಯ ಮುಲ್ಕಿಯ ವನಮಾಲಕ್ಕ ಅವರನ್ನು ಸಾಕಿದ್ದಂತೆ. ಮೊದಲು ಕಲಿತದ್ದೇ ತುಳು. ಇದನ್ನೆಲ್ಲ ಅವರು ಊರಿನ ಹೆಂಗಸರಷ್ಟೇ ಸಲೀಸಾಗಿ ಹೇಳಿದರು.

ಚೆನ್ನಯ ಒಂಬತ್ತು ವರ್ಷಗಳನ್ನು ಹಿಂದಕ್ಕೆ ನೋಡಿದ. ಪ್ರತಿ ಸೋಮವಾರ, ಪ್ರತಿ ಗುರುವಾರ ಅವನು ಮೈಕಿನಲ್ಲಿ ಕೂಗುತ್ತಿದ್ದದ್ದು, "ಪೊತ್ತಿನ ದೋಸೆಗ್ ರಡ್ಡ್ ಇಡ್ಲಿ." ಕರಟಿದ ದೋಸೆಗೆ ಎರಡು ಇಡ್ಲಿ. ಒಳಗಿನವರು ಅದಕ್ಕೆ ನಕ್ಕಷ್ಟು ಇನ್ಯಾವುದಕ್ಕೂ ನಕ್ಕಿರಲಿಲ್ಲ.

"ಮತ್ತೆ ಯಾಕೆ ಬರ್ತಿದ್ದಿರಿ ಟೀಚರ್?" ಎಂದ.

"ಇಡ್ಲಿ ಚೆನ್ನಾಗಿರ್ತದೆ," ಎಂದರು ಅವರು. "ಬೇರೆ ಕಡೆ ಹೋದರೆ ಜನ ನೋಡ್ತಾರೆ. ಇಲ್ಲಿ ನೀವು ಹೇಳ್ತೀರಿ. ಅಷ್ಟೇ ವ್ಯತ್ಯಾಸ." ಆಮೇಲೆ ಟೋಕನ್ ತೆಗೆದುಕೊಂಡು ತಮ್ಮ ಜಾಗಕ್ಕೆ ಹೋಗಿ ಕೂತರು. ಅವತ್ತು ಚೆನ್ನಯ ಇಡ್ಲಿಯನ್ನು ತಾನೇ ಒಯ್ದು ಕೊಟ್ಟ. ಅವರು ಪುಸ್ತಕದಿಂದ ತಲೆ ಎತ್ತಲಿಲ್ಲ.

ಮನೆಯಲ್ಲಿ ಮೂರು ದಿನ ಅವನಿಗೆ ಅನ್ನ ಸೇರಲಿಲ್ಲ. ರಮಿತಾ ತಂದೆಯ ಪರವಾಗಿಯೇ ವಾದ ಮಾಡಿದಳು. ರೇಡಿಯೋ ಕೇಳುವವರು ಲಕ್ಷಾಂತರ, ನಿಮ್ಮ ತುಳು ತಿಳಿಯುವವರು ಅಡುಗೆಮನೆಯ ಐದು ಜನ. ಎರಡೂ ಒಂದೇ ಹೇಗೆ ಎಂದಳು. ಚೆನ್ನಯನೂ ಒಳಗೊಳಗೆ ಆ ತಕ್ಕಡಿ ಹಿಡಿದು ನೋಡಿದ. ಸಮಿತನ ಮೈಕು ದೊಡ್ಡದು, ತನ್ನದು ಸಣ್ಣದು. ಸಮಿತನಿಗೆ ತನ್ನ ಗುರುತಿಲ್ಲ. ತನಗೆ ಟೀಚರ ಗುರುತು ಒಂಬತ್ತು ವರ್ಷದ್ದು. ಹಾಗೆ ನೋಡಿದರೆ ಯಾರದು ಹೆಚ್ಚು ಹೊಲಸು? ಅವನಿಗೆ ಉತ್ತರ ಗೊತ್ತಾಯಿತು, ಗೊತ್ತಾದದ್ದು ಇಷ್ಟವಾಗಲಿಲ್ಲ.

"ಅವರ ಹತ್ತಿರ ಮೆಲ್ಲ ಹೋಗಿ ಕೈ ಮುಗಿದು ಬನ್ನಿ," ಎಂದಳು ಸುಂದರಿ. ಆ ಮನೆಯಲ್ಲಿ ಬುದ್ಧಿ ಇದ್ದ ಮಾತು ಅದೊಂದೇ.

ಆದರೆ ಚೆನ್ನಯ ನ್ಯಾಯ ಹಿಡಿದು ಕೂತಿದ್ದ. ಪತ್ರದಲ್ಲಿ ತಾನೇ ಬರೆಸಿದ್ದನಲ್ಲ, ಬೈದ ಮೈಕಿನಲ್ಲೇ ಕ್ಷಮೆ ಬರಬೇಕೆಂದು? ರೇಡಿಯೋದವನಿಗೆ ಒಂದು ನ್ಯಾಯ, ತನಗೊಂದು ನ್ಯಾಯವೇ? ಗುಟ್ಟಿನಲ್ಲಿ ಕೈ ಮುಗಿದು ಬರುವುದು ಅವನಿಗೆ ಹೇಡಿತನವೆನಿಸಿತು. ಪಾಪ, ಅವನ ಪ್ರಾಮಾಣಿಕತೆಯಲ್ಲಿ ಒಂದು ಗುಲಗಂಜಿಯಷ್ಟೂ ಕೊರತೆ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಹೋಟೆಲು ತುಂಬಿತ್ತು. ಟೀಚರು ಬಂದು ಕೂತರು. ಚೆನ್ನಯ ಎದ್ದು ನಿಂತು ಮೈಕು ಹಿಡಿದು ಹಿಂದಿಯಲ್ಲಿ ಶುರು ಮಾಡಿದ. ಇಷ್ಟು ವರ್ಷ ನಾವು ನಮ್ಮ ಭಾಷೆಯಲ್ಲಿ ಗಿರಾಕಿಗಳಿಗೆ ಅಡ್ಡಹೆಸರಿಟ್ಟು ನಕ್ಕಿದ್ದೇವೆ ಎಂದ. ಮುಖ ಸುಟ್ಟ ಒಬ್ಬ ತಾಯಿಯನ್ನು ನಾನು ಪೊತ್ತಿನ ದೋಸೆ, ಅಂದರೆ ಕರಟಿದ ದೋಸೆ, ಎಂದು ಕೂಗಿದ್ದೇನೆ, ಅವರಿಗೆ ನಮ್ಮ ಭಾಷೆ ಬರುತ್ತಿತ್ತು, ಒಂಬತ್ತು ವರ್ಷ ಕೇಳಿಸಿಕೊಂಡರು, ಅವರ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತೇನೆ ಎಂದ. ಅವನ ಕಣ್ಣಲ್ಲಿ ನೀರಿತ್ತು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ.

ಅರುವತ್ತು ಕುರ್ಚಿಯ ಜನ ಒಟ್ಟಿಗೆ ತಿರುಗಿ ಒಂದು ಮುಖವನ್ನು ನೋಡಿದರು. ಕೆಲವರು ಸರಿಯಾಗಿ ಕಾಣದೆ ಎದ್ದು ನಿಂತು ನೋಡಿದರು. ಇಬ್ಬರು ಫೋನು ಎತ್ತಿ ಹಿಡಿದಿದ್ದರು. ಟೀಚರು ಚಮಚವನ್ನು ತಟ್ಟೆಯಲ್ಲಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, ಟೇಬಲುಗಳ ನಡುವಿನಿಂದ ನಡೆದು ಹೊರಗೆ ಹೋದರು. ತಾನು ಮಾಡಿದ್ದೇನೆಂದು ಚೆನ್ನಯನಿಗೆ ಅರ್ಥವಾದದ್ದು ಅವರು ರಸ್ತೆ ದಾಟಿದ ಮೇಲೆ.

ಅಷ್ಟು ಹೊತ್ತಿಗೆ ಬೋಳುತಲೆಯ ಬಿಲ್ಡರು ಕೌಂಟರಿಗೆ ಬಂದು, ನನಗೆ ಏನು ಹೆಸರಿಟ್ಟಿದ್ದೀರಿ ಎಂದು ಕೇಳುತ್ತಿದ್ದ. ಅವನ ಹಿಂದೆ ವಕೀಲೆ. ಸಹಿ ಹಾಕಿದವರಲ್ಲಿ ನಾಲ್ವರು ತಮ್ಮ ಸಹಿಗೆ ಗೀಟು ಎಳೆದರು. ಉಳಿದ ಸಹಿಗಳೊಂದಿಗೆ ರಮಿತಾ ಮರುದಿನವೇ ಪತ್ರವನ್ನು ರೇಡಿಯೋ ಆಫೀಸಿಗೆ ಕಳಿಸಿದಳು. ಧನಿಗಳು ಮಧ್ಯಾಹ್ನ ಬಂದು ಕೂಗಾಡಲಿಲ್ಲ, ಅದು ಅವರ ಜಾಯಮಾನವಲ್ಲ. "ಆಡಿದ್ದು ತಪ್ಪಲ್ಲ ಚೆನ್ನಯ, ಎಲ್ಲ ಹೋಟೆಲಿನವರೂ ಆಡ್ತಾರೆ. ಅದನ್ನು ಗಿರಾಕಿಗೆ ಹೇಳುವುದಾ ಮಾರಾಯ?" ಎಂದರು. ವಾರದೊಳಗೆ ಗೋಡೆಗೆ ನಂಬರು ತೋರಿಸುವ ಟಿವಿ ಬಂತು. ಚೆನ್ನಯನಿಗೆ ಅಂಬರನಾಥದಲ್ಲಿ ಧನಿಗಳ ದೋಸೆಹಿಟ್ಟಿನ ಘಟಕದಲ್ಲಿ ಪೊಟ್ಟಣ ಸೀಲ್ ಮಾಡುವ ಕೆಲಸವಾಯಿತು. ಅಲ್ಲಿ ಎಂಟು ಗ್ರೈಂಡರುಗಳ ಸದ್ದಿಗೆ ಯಾರೂ ಯಾರ ಹತ್ತಿರವೂ ಮಾತಾಡುವುದಿಲ್ಲ.

ವಿಡಿಯೋ ರೇಡಿಯೋದವರ ಕೈಗೆ ಸಿಗಲು ನಾಲ್ಕು ದಿನ ಸಾಕಾಯಿತು. ಸೋಮವಾರ ಬೆಳಿಗ್ಗೆ ಸಮಿತ್ ಮೆಲುದನಿಯಲ್ಲಿ, ಹಿಂದೆ ಪಿಟೀಲು ಹಚ್ಚಿ, ಇವತ್ತು ನಗಿಸಲು ಮನಸ್ಸಿಲ್ಲ ಎಂದು ಶುರು ಮಾಡಿದ. ನಾವೆಲ್ಲ ಪ್ರೀತಿಸಿದ ಅಣ್ಣ ಎಂಥವನೆಂದು ಕೇಳಿ ಎಂದ. ಚೆನ್ನಯನ ಕ್ಷಮೆಯನ್ನು ಅರ್ಧಕ್ಕೆ ಕತ್ತರಿಸಿ, ಹೆಸರಿಟ್ಟ ಭಾಗವನ್ನಷ್ಟೇ ಹಾಕಿದ. ಪೊತ್ತಿನ ದೋಸೆ ಎನ್ನುವುದನ್ನು ತುಳುವಿನಲ್ಲೂ ಹಿಂದಿಯಲ್ಲೂ ಮತ್ತೆ ಮತ್ತೆ ಹೇಳಿ ಅರ್ಥ ಬಿಡಿಸಿದ. ಒಬ್ಬ ಹೆಂಗಸಿನ ನೋವನ್ನು ನಗೆಯ ಸರಕು ಮಾಡುವವನಿಗೆ ಏನೆನ್ನಬೇಕು, ಎದುರುತ್ತರ ಕೊಡಲಾಗದವರನ್ನು ಹೀಯಾಳಿಸುವುದು ತಮಾಷೆಯಲ್ಲ ಎಂದ. ರಮಿತಾ ಬರೆದ ಪತ್ರದ ಮಾತೇ ಅದು. ಅವಳು ಕಳಿಸಿದ್ದ ಪತ್ರಕ್ಕೆ ಅದೇ ಸಂಜೆ ಉತ್ತರವೂ ಬಂತು: ಅರ್ಜಿದಾರರ ನಡತೆ ಬೆಳಕಿಗೆ ಬಂದ ಮೇಲೆ ಈ ದೂರನ್ನು ಪರಿಗಣಿಸುವ ಪ್ರಶ್ನೆಯೇ ಇಲ್ಲ.

ರಮಿತಾ ಅತ್ತಳು, ಸಮಿತನನ್ನು ಕಳ್ಳ ಎಂದಳು. ಆದರೆ ಚೆನ್ನಯನಿಗೆ ಗೊತ್ತಿತ್ತು, ಸಮಿತ್ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ತಾಯಿಯನ್ನು ಬೈಸಿಕೊಂಡದ್ದಕ್ಕಿಂತ ಅವನಿಗೆ ಹೆಚ್ಚು ಚುಚ್ಚಿದ್ದು ಅದೇ. ಬೈಗುಳಕ್ಕೆ ಸಿಟ್ಟಾಗಬಹುದು, ಅಯೋಗ್ಯನ ಬಾಯಿಂದ ಬಂದ ನಿಜಕ್ಕೆ ಏನು ಮಾಡುವುದು?

ಮರುದಿನ ಘಟಕಕ್ಕೆ ಅರ್ಧ ದಿನ ರಜೆ ಹೇಳಿ ಅವನು ವರ್ತಕ ನಗರದ ಶಾಲೆಯ ಗೇಟಿಗೆ ಹೋದ. ಈ ಸಲ ಮೆಲ್ಲ ಕೈ ಮುಗಿದು ಬರುವುದೆಂದೇ ಹೋಗಿದ್ದ. ಶಾಲೆ ಬಿಡುವ ಹೊತ್ತು. ಕರೆದೊಯ್ಯಲು ಬಂದ ತಾಯಂದಿರ ನಡುವೆ ನಿಂತವನಿಗೆ ಮಕ್ಕಳ ಗುಂಪೊಂದು ಓಡುತ್ತಾ ಬರುವುದು ಕೇಳಿಸಿತು. ಏಳೆಂಟು ವರ್ಷದ ಮಕ್ಕಳು, ಮರಾಠಿ ಮಕ್ಕಳು, ರೇಡಿಯೋದಿಂದ ಅರ್ಥದ ಜೊತೆಗೆ ಕಲಿತ ಹೊಸ ಪದವನ್ನು ಪಾಠದಂತೆ ಒಟ್ಟಾಗಿ ಹೇಳುತ್ತಿದ್ದವು. ಉಚ್ಚಾರ ಸ್ವಚ್ಛವಾಗಿತ್ತು. ಒಬ್ಬ ತಾಯಿ ತನ್ನ ಮಗಳ ಬಾಯಿಗೆ ಕೈ ಅಡ್ಡ ಇಟ್ಟಳು, ಇಟ್ಟು ತಾನೂ ನಕ್ಕಳು.

ಅಪರ್ಣಾ ಟೀಚರು ಕೊನೆಯಲ್ಲಿ ಬಂದರು. ತಲೆಯಿಂದ ಕುತ್ತಿಗೆಯವರೆಗೆ ದುಪಟ್ಟಾ ಸುತ್ತಿ ಪಿನ್ನು ಹಾಕಿದ್ದರು, ಕಣ್ಣು ಮಾತ್ರ ಕಾಣುತ್ತಿತ್ತು. ಚೆನ್ನಯ ಎರಡು ಹೆಜ್ಜೆ ಮುಂದೆ ಬಂದು ಕೈ ಜೋಡಿಸಿದ. ಅವರು ನಿಂತರು. ಸುತ್ತ ಇದ್ದವರ ಕಡೆ ಒಮ್ಮೆ ನೋಡಿ, ತುಳು ಬಿಟ್ಟು, ಮುರುಕು ಕನ್ನಡದಲ್ಲಿ, ಅವನಿಗಷ್ಟೇ ಕೇಳುವಂತೆ ಹೇಳಿದರು.

"ಕ್ಷಮೆ ಕೇಳಬೇಡಿ ಅಣ್ಣ. ನೀವು ಬೈದಾಗ ಐದು ಜನಕ್ಕೆ ಗೊತ್ತಿತ್ತು. ಕ್ಷಮೆ ಕೇಳಿದ ಮೇಲೆ ನನ್ನ ಮೂರನೇ ಕ್ಲಾಸಿಗೂ ಗೊತ್ತಾಯ್ತು."

ಚೆನ್ನಯ ಜೋಡಿಸಿದ ಕೈಯನ್ನು ಇಳಿಸಿದ. ಹೆಂಗಸರು ಇಬ್ಬರನ್ನೂ ನೋಡುತ್ತಿದ್ದರು; ಯಾರೋ ಒಬ್ಬಳು ಅವನ ಗುರುತು ಹಿಡಿದು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಟೀಚರು ದುಪಟ್ಟಾವನ್ನು ಇನ್ನಷ್ಟು ಬಿಗಿ ಮಾಡಿಕೊಂಡು ಹೊರಟರು. ತಾನು ಅಲ್ಲಿ ನಿಂತಷ್ಟು ಹೊತ್ತೂ ಜನ ಅವರನ್ನೇ ನೋಡುತ್ತಾರೆಂದು ತಿಳಿದು, ಚೆನ್ನಯ ತಲೆ ತಗ್ಗಿಸಿ ಅವರು ಹೋದ ದಿಕ್ಕಿಗೆ ಬೆನ್ನು ಹಾಕಿ ನಡೆದ.